ಎರಡನೇದರ ಡೇಟು

ಮಧುಗಿರಿಯಲ್ಲಿ ನಾನು ಡಿಗ್ರಿ ಓದುವಾಗ ಶಿರಾದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿಯೊಬ್ಬಳಿದ್ದಳು. ಅವಳ ಬಸ್ಸು ಕಾಲೇಜಿನ ಗೇಟು ತೆರೆಯುವುದಕ್ಕಿಂತ ಬಹಳ ಮುಂಚೆಯೇ ಬಂದುಬಿಡುತ್ತಿತ್ತು. ಅದು ತಪ್ಪಿದರೆ ಮುಂದಿನದು ಮೊದಲ ಪಾಠ ಮುಗಿದ ಮೇಲೆಯೇ. ಪಾಪ, ಒಬ್ಬಳೇ ನಿಂತಿರುತ್ತಾಳಲ್ಲ ಎಂದು ನಾನೂ ಮನೆಯಿಂದ ಬೇಗ ಹೊರಡುತ್ತಿದ್ದೆ. ಬಸ್‌ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮೇಷ್ಟ್ರು ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಒಂದೊಂದು ಕಂಪ್ಯೂಟರಿಗೂ ಹೊಗೆ ತೋರಿಸಿ, "ಕೂತ್ಕಳ್ರಮ್ಮ. ಏನಾದ್ರೂ ಮಾಡ್ಕಳಿ, ಅಳಿಸೋದೊಂದು ಮಾಡ್ಬ್ಯಾಡಿ" ಎಂದು ಹೇಳಿ ಕಾಫಿಗೆ ಹೋಗುತ್ತಿದ್ದರು. ಅವರ ಕಾಫಿ ಬೇಗ ಮುಗಿಯುವಂಥದ್ದಲ್ಲ. ಆ ಹೊತ್ತಿನಲ್ಲಿ ನಾವಿಬ್ಬರೂ ಸೇರಿ ಒಂದು ಕೋಟೆ ಕಟ್ಟಿದೆವು.

ಕಿಟಕಿಯಿಂದ ಬಗ್ಗಿ ನೋಡಿದರೆ ನಿಜವಾದ ಬೆಟ್ಟ, ನಿಜವಾದ ಕೋಟೆ ಕಾಣುತ್ತಿದ್ದವು. ಆದರೆ ಅದನ್ನು ಯಾರೋ ಆಗಲೇ ಕಟ್ಟಿ ಮುಗಿಸಿದ್ದರು, ನಾವು ಮಾಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಕಂಪ್ಯೂಟರಿನೊಳಗೆ ಯಾರೋ ಹಾಕಿಟ್ಟು ಮರೆತಿದ್ದ ಆಟದಲ್ಲಿ ಒಂದು ಬೋಳು ಗುಡ್ಡ, ನಾಲ್ಕಾರು ಸಂಸಾರ, ಒಂದು ಬಾವಿ ಇರುತ್ತಿದ್ದವು. ಬೆಳೆ ಬೆಳೆಯಬೇಕು, ಕಣಜ ತುಂಬಿಸಬೇಕು, ಗೋಡೆ ಎಬ್ಬಿಸಬೇಕು. ಅಷ್ಟರಲ್ಲಿ ಪಕ್ಕದ ಗುಡ್ಡದವರು ದಂಡೆತ್ತಿ ಬರುತ್ತಾರೆ. ಆ ಆಟ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ ಆದ್ದರಿಂದ ಮೌಸ್ ನನ್ನ ಕೈಯಲ್ಲಿ, ಕೀಬೋರ್ಡು ಅವಳ ಕೈಯಲ್ಲಿ. ಮೌಸಿನಿಂದ ಮನೆ, ಕಣಜ, ಕೆರೆ ಆಗುತ್ತಿದ್ದವು. ಕೀಬೋರ್ಡಿನಿಂದ ಸೈನಿಕರು ಓಡುತ್ತಿದ್ದರು. ನಾವಿಬ್ಬರೂ ಒಂದೇ ಆಟ ಆಡುತ್ತಿದ್ದೇವೆ ಎಂದು ಗಾಢವಾಗಿ ನಂಬಿದ್ದೆವು. ಹಾಗಲ್ಲವೆಂದು ತಿಳಿಯಲು ಇಬ್ಬರ ತಲೆಯಲ್ಲೂ ಬಿಳಿ ಕೂದಲು ಬರಬೇಕಾಯಿತು.

ಕೊನೆಯ ವರ್ಷದ ಪರೀಕ್ಷೆಗೆ ಸ್ವಲ್ಪ ಮುಂಚೆ ಆಟ ಮುಗಿಯಿತು. ಶತ್ರುಕೋಟೆಯ ಬಾಗಿಲು ಕಿರ್ರೆಂದು ಅರ್ಧ ತೆರೆದು, ಒಳಗಿನಿಂದ ಬೆಳಕು ಬಂದು, ತೆರೆ ಕಪ್ಪಾಯಿತು. ಉಳಿದದ್ದು ಎರಡನೇ ಭಾಗದಲ್ಲಿ ಎಂದು ಬರೆದಿತ್ತು. ಗೆಳತಿ ಕಪ್ಪು ತೆರೆಯನ್ನೇ ನೋಡುತ್ತಾ, "ಅರೆ! ಒಳಗೇನಿತ್ತೇ?" ಅಂದಳು. ಕಾಫಿ ಮುಗಿಸಿ ಬಂದ ಮೇಷ್ಟ್ರು, ಏನನ್ನೋ ಅಳಿಸಿಬಿಟ್ಟಿದ್ದೇವೆಂದು ಗಾಬರಿಯಾದರು.

ಆಮೇಲೆ ಅವರವರ ಬದುಕು. ನಾನು ಬಿ.ಎಡ್. ಮಾಡಿ ಐ.ಡಿ.ಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ. ಮಧುಗಿರಿಯಲ್ಲೇ ಮದುವೆಯಾಯಿತು. ಗಂಡ ಪಾವಗಡದ ಕಡೆ ಬಸ್ಸು ಓಡಿಸುವ ಡ್ರೈವರು. ಮನೆಯಲ್ಲಿ ನಾವಿಬ್ಬರು, ಒಬ್ಬ ಮಗಳು, ಅತ್ತೆ. ಗೆಳತಿ ಶಿರಾದಲ್ಲಿ ಗಂಡನ ಜೊತೆ ಮೆಡಿಕಲ್ ಶಾಪು ನಡೆಸುತ್ತಾಳೆ. ಇಬ್ಬರೂ ಫೋನಿನಲ್ಲಿ ಮಾತಾಡಿದಾಗಲೆಲ್ಲ ಮಕ್ಕಳು, ಮಂಡಿನೋವು, ಸಾರು ಎಲ್ಲ ಮುಗಿದ ಮೇಲೆ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದೆವು: "ಎರಡನೇದು ಏನಾದ್ರೂ ಸುದ್ದಿ?" ಆಟಕ್ಕೆ ಹೆಸರಿತ್ತು. ಆದರೆ ನಮ್ಮ ಬಾಯಲ್ಲಿ ಅದು ಬರೀ 'ಎರಡನೇದು'.

ಎಲ್ಲ ಅನಾಹುತಕ್ಕೂ ಈ ಒಂದು ಪದವೇ ಮೂಲ.

ಕಳೆದ ವರ್ಷ ಒಂದು ಸಂಜೆ ಗೆಳತಿಯ ಫೋನು ಬಂತು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಬಾಗಿಲ ಹತ್ತಿರ ಕೂತು ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದರು.

"ಲೇ, ಡೇಟ್ ಕೊಟ್ಟಿದ್ದಾರೆ ಕಣೇ!" ಎಂದು ಅವಳು ಕಿರುಚಿದಳು.

"ಡೇಟ್ ಕೊಟ್ರಾ? ಎರಡನೇದಕ್ಕಾ? ನಿಜವಾಗ್ಲೂ?" ಎಂದು ನಾನೂ ಕಿರುಚಿದೆ. "ಎಷ್ಟು ವರ್ಷದಿಂದ ಕಾಯ್ತಿದ್ವೇ! ಆದ್ರೆ ಮೊದಲನೇದಕ್ಕಿಂತ ಇದು ತುಂಬಾ ಹೆವಿಯಾಗಿರುತ್ತೆ ಅಂತಾರೆ. ನಂದು ಹಳೇದಾಗೋಯ್ತು, ತಡಕೊಳ್ಳುತ್ತೋ ಇಲ್ವೋ. ಒಂದ್ಸಲ ತುಮಕೂರಲ್ಲಿ ತೋರಿಸ್ಕೊಂಡು ಬರ್ಬೇಕು."

ನಾನು ಹೇಳಿದ್ದು ನಮ್ಮ ಮನೆಯ ಹಳೇ ಕಂಪ್ಯೂಟರಿನ ವಿಷಯ. ಮೊರದ ಶಬ್ದ ನಿಂತದ್ದು ನನ್ನ ಗಮನಕ್ಕೆ ಬರಲಿಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ನನ್ನ ಭಾಗ್ಯದ ಬಾಗಿಲು ತೆರೆಯಿತು. ನೀರಿನ ಬಿಂದಿಗೆಗೆ ಕೈಹಾಕಿದರೆ ಅತ್ತೆ ಬಂದು ಕಿತ್ತುಕೊಂಡರು. "ಬುಡು ತಾಯಿ, ನೀನ್ ಎತ್ಬ್ಯಾಡ" ಎಂದು ಮಗನನ್ನು ಕೂಗಿದರು. ಊಟಕ್ಕೆ ನುಗ್ಗೆಸೊಪ್ಪಿನ ಸಾರು, ಮೊಳಕೆಕಾಳು, ಕೇಳದೆಯೇ ತುಪ್ಪ. ಹಣ್ಣಿನವನ ಗಾಡಿಯಿಂದ ನಾನು ತಂದಿಟ್ಟಿದ್ದ ಪರಂಗಿಹಣ್ಣು ಪಕ್ಕದ ಮನೆಗೆ ಹೋಯಿತು. ಅದರ ಜಾಗದಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಬಂತು. ಸಂಜೆ ಶಾಲೆಯಿಂದ ಬಂದರೆ ಕಾಲು ನೀಡಿ ಕೂರಲು ದಿಂಬು. ಅತ್ತೆಗೆ ವಯಸ್ಸಾದಂತೆ ಮನಸ್ಸು ಮೃದುವಾಗುತ್ತಿದೆ ಎಂದುಕೊಂಡು ಮಾವಿನಕಾಯಿ ತಿಂದೆ.

ಗಂಡನಿಗೂ ಇದರ ತಲೆಬುಡ ತಿಳಿಯಲಿಲ್ಲ. "ಇವ್ಳು ಬಸ್ಸಲ್ಲಿದ್ದಾಗ ಗುಂಡಿಗೆ ಇಳಿಸ್ಬ್ಯಾಡ ಕಣ್ಲಾ" ಎಂದು ಅತ್ತೆ ಅವನಿಗೆ ಹೇಳಿದ್ದರು. "ಅವ್ವಾ, ಗುಂಡಿಗೆ ಇಳಿಸ್ದೆ ಆ ರೋಡಲ್ಲಿ ಬಸ್ ಎಲ್ಲಿ ಓಡಿಸ್ಲಿ?" ಎಂದು ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅತ್ತೆ ನಮ್ಮಿಬ್ಬರನ್ನೂ ನೋಡಿ, ನಾವು ನಾಚಿಕೊಂಡಿದ್ದೇವೆ ಎಂದು ತಿಳಿದರು.

ಹೀಗೆ ಕೆಲವು ವಾರ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ನಡುಮನೆಯಲ್ಲಿದ್ದಾಗ ಗೆಳತಿಯ ಫೋನು ಬಂತು. ದನಿ ಸತ್ತಿತ್ತು. ನಾನು ತಲೆಯ ಮೇಲೆ ಕೈಹೊತ್ತು, "ಅಯ್ಯೋ, ಮತ್ತೆ ಮುಂದಕ್ಕೆ ಹೋಯ್ತಾ? ಇನ್ನೂ ಆರು ತಿಂಗಳಾ? ಹೋಗ್ಲಿ ಬಿಡು, ಇಷ್ಟು ವರ್ಷ ಕಾದಿಲ್ವಾ. ಅರ್ಧಂಬರ್ಧ ಬರೋದಕ್ಕಿಂತ ಪೂರ್ತಿಯಾಗೇ ಬರ್ಲಿ" ಅಂದೆ.

ಅತ್ತೆಯ ಕೈಯಿಂದ ಕಾಫಿ ಲೋಟ ಬಿತ್ತು.

ಅತ್ತೆಯ ತವರು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಗಾಬರಿಯಾದರೆ ಅವರಿಗೆ ಮೊದಲು ಬರುವುದು ತೆಲುಗು. "ಏಮಿಟಿದಿ, ನಾ ತಲ್ಲಿ!" ಎಂದು ಎದ್ದು ನಿಂತರು. "ಆರ್ ತಿಂಗ್ಳು ಮುಂದುಕ್ ಓಯ್ತಾ? ಹುಟ್ಟೋ ಮಗು ಆರ್ ತಿಂಗ್ಳು ಮುಂದುಕ್ ಓಗಕ್ಕೆ ನೀನೇನ್ ಆನೆನಾ?"

"ಯಾವ ಮಗು?" ಎಂದೆ.

"ಯಾವ ಮಗು?" ಎಂದು ಗಂಡ ನನಗಿಂತ ಜೋರಾಗಿ ಕೇಳಿದ.

ಫೋನಿನ ಆ ಕಡೆಯಿಂದ ಗೆಳತಿ, "ಯಾರಿಗೇ ಮಗು? ನಿಂಗಾ? ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೂಗುತ್ತಿದ್ದಳು.

ಅತ್ತೆಗೆ ಆಟವೆಂದರೇನು, ಆಟಕ್ಕೆ ಎರಡನೇ ಭಾಗವೆಂದರೇನು, ಅದಕ್ಕೆ ಡೇಟೇಕೆ ಕೊಡುತ್ತಾರೆ ಎಂಬುದನ್ನು ವಿವರಿಸುವಷ್ಟರಲ್ಲಿ ನನಗೆ ಬೆವರು ಬಂತು. ಅವರು ಪೂರ್ತಿ ಕೇಳಿ, ನಿಧಾನವಾಗಿ ಕೂತು, "ಅಂಗಾರೆ ಮಾವಿನ್ಕಾಯಿ ಯಾಕ್ ತಿಂದೆ?" ಎಂದರು. ರುಚಿಯಾಗಿತ್ತು ಅಂದೆ. ಅದಕ್ಕಿಂತ ದೊಡ್ಡ ಮೋಸ ಅವರು ಕಂಡಿರಲಿಲ್ಲವೆಂಬಂತೆ ನೋಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಅತ್ತೆ ಈ ಸಂತೋಷದ ಸುದ್ದಿಯನ್ನು ಕೊಳಾಲದಲ್ಲಿರುವ ತಮ್ಮ ತಂಗಿಗೆ ಆಗಲೇ ಮುಟ್ಟಿಸಿದ್ದರು. ಈಗ ಅದನ್ನು ವಾಪಸ್ ತೆಗೆದುಕೊಳ್ಳಲು ನಾಚಿಕೆಯಾಗಿ ಫೋನು ಮಾಡುವುದನ್ನು ಇವತ್ತು ನಾಳೆ ಎಂದು ತಳ್ಳಿದರು. ಹಾಗಾಗಿ ಅದೇ ವಾರ ಚಿಕ್ಕತ್ತೆ ಕೊಳಾಲದಿಂದ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಒಂದು ಮರದ ತೊಟ್ಟಿಲು ತಂದಿಳಿಸಿದರು. ಅವರ ಮನೆಯ ಮಕ್ಕಳೆಲ್ಲ ಮಲಗಿದ್ದ ತೊಟ್ಟಿಲು. ಊಟಕ್ಕೆ ಬಡಿಸುತ್ತಾ ಅತ್ತೆ ತಲೆ ತಗ್ಗಿಸಿ, "ಅದು ಮಗು ಅಲ್ವಂತೆ ಕಣೇ. ಕಂಪ್ಯೂಟ್ರಾಗಿನ ಆಟವಂತೆ" ಅಂದರು.

ಚಿಕ್ಕತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಗ್ಲಿ ಬುಡು, ಅದ್ಕೇನೀಗ? ಬಸ್ಸಿಂದ ಇಳ್ಸೋರ್ಗೆ ಸಾಕಾಗೋಗಯ್ತೆ, ನಾನಂತೂ ವಾಪಸ್ ಒತ್ಕೊಂಡೋಗಕಿಲ್ಲ" ಅಂದರು. ತೊಟ್ಟಿಲು ನಮ್ಮಲ್ಲೇ ಉಳಿಯಿತು. ಅದರಲ್ಲಿ ಈಗ ಈರುಳ್ಳಿ ಇದೆ.

ಆರು ತಿಂಗಳು ಹೋಗಿ ಇನ್ನೂ ಸ್ವಲ್ಪ ತಡವಾಗಿ, ಬೇಸಿಗೆ ರಜೆಯಲ್ಲಿ ಎರಡನೇದು ಬಂತು. ತುಮಕೂರಿನಲ್ಲಿ 'ತೋರಿಸಿಕೊಂಡು' ಬಂದು, ಕಂಪ್ಯೂಟರಿನೊಳಗೆ ಹೊಸ ಕಾರ್ಡು ಕೂರಿಸಿದ್ದೆ. ಆಟ ಡೌನ್‌ಲೋಡ್ ಆಗುವುದಕ್ಕೇ ಬೆಳಗಿನಿಂದ ಸಂಜೆಯವರೆಗೆ ಹಿಡಿಯಿತು. ನೆಟ್ ಸಾಲದೆಂದು ಮಗಳಿಗೆ ಫೋನಿನಲ್ಲಿ ಏನೂ ನೋಡಬೇಡ ಎಂದು ಕಟ್ಟಪ್ಪಣೆ ಮಾಡಿದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಪಾವಗಡದ ಕಡೆ ಕಣ್ಣು ಹಾಯುವಷ್ಟು ದೂರ ಗಾಜಿನ ಹಲಗೆ ಹಾಸಿ ಬಿಸಿಲಿನಿಂದ ಕರೆಂಟು ತೆಗೆಯುತ್ತಾರೆ. ಅದು ನಮ್ಮ ಬೀದಿಗೆ ಮಾತ್ರ ದಾರಿ ಕೇಳಿಕೊಂಡು ಬರಬೇಕು. ಅತ್ತೆ ಆಗಾಗ ಬಂದು ತೆರೆ ಇಣುಕಿ, "ಎಷ್ಟಾಯ್ತು?" ಎನ್ನುತ್ತಿದ್ದರು. "ಅರ್ಧ." "ಇನ್ನೂವೇ?" ಎಂದು ತಲೆಯಾಡಿಸಿಕೊಂಡು ಹೋಗುತ್ತಿದ್ದರು. ಸಂಜೆ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ "ಆಯ್ತಾ?" ಎಂದು ಕೇಳಿದಾಗ ಅತ್ತೆಯೇ "ಆಯ್ತು, ಸಲೀಸಾಗಿ ಆಯ್ತು" ಎಂದು ಉತ್ತರ ಕೊಟ್ಟರು.

ಭಾನುವಾರ ಬೆಳಗಿನ ಬಸ್ಸಿಗೆ ಗೆಳತಿ ತನ್ನ ಲ್ಯಾಪ್‌ಟಾಪು, ಖಾರಾ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಳು. ಅಂಗಡಿಯನ್ನು ಗಂಡನಿಗೆ ಒಪ್ಪಿಸಿದ್ದಳು. ಈ ಸಲ ಇಬ್ಬರಿಗೂ ಬೇರೆ ಬೇರೆ ಕಂಪ್ಯೂಟರು, ಆದರೆ ಗುಡ್ಡ ಒಂದೇ. ಇಬ್ಬರೂ ಸೇರಿ ಒಂದೇ ಕೋಟೆ ಆಳಬಹುದು. ಆಟ ತೆರೆಯಿತು. ಹಳೆಯ ಅದೇ ರಾಗ, ಅದೇ ಡೋಲು, ಆದರೆ ಈಗ ಅದರ ಹಿಂದೆ ಗಾಳಿ ಬೀಸುವುದೂ ಕೇಳಿಸಿತು. ಹುಲ್ಲು ಅಲ್ಲಾಡಿತು. ಬಾವಿಯ ನೀರಿನಲ್ಲಿ ಮೋಡ ಕಾಣಿಸಿತು. ಮನೆಗಳ ಮೇಲಿಂದ ಹೊಗೆ ಎದ್ದಿತು. ಕಣಜದ ಬಾಗಿಲು ಮುಚ್ಚುವ 'ದಬ್' ಶಬ್ದವನ್ನು ಪುಣ್ಯಾತ್ಮರು ಹಾಗೇ ಉಳಿಸಿದ್ದರು. ಗೆಳತಿ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನದೂ ಹೆಚ್ಚುಕಮ್ಮಿ ಅದೇ ಗತಿ. ನಡುವಯಸ್ಸಿನ ಇಬ್ಬರು ಹೆಂಗಸರು ಹುಲ್ಲು ನೋಡಿ ಅಳುತ್ತಿರುವುದನ್ನು ಕಂಡು ಮಗಳು ಒಳಗೆ ಹೋದಳು.

ಮಗಳ ರುಚಿಯೇ ಬೇರೆ. ಅವಳು ಆಟ ಆಡುವುದಿಲ್ಲ, ಬೇರೆ ಯಾರೋ ಆಡುವುದನ್ನು ಫೋನಿನಲ್ಲಿ ನೋಡುತ್ತಾಳೆ. "ನೀನೇ ಆಡಬಹುದಲ್ಲ" ಅಂದರೆ, "ಯಾರು ಕಷ್ಟಪಡ್ತಾರಮ್ಮ" ಎನ್ನುತ್ತಾಳೆ. ಗಂಡನದು ಇನ್ನೂ ವಿಚಿತ್ರ. ದಿನವಿಡೀ ಬಸ್ಸು ಓಡಿಸಿ ಮನೆಗೆ ಬಂದು, ಕೈಕಾಲು ತೊಳೆದು, ಫೋನಿನಲ್ಲಿ ಬಸ್ಸು ಓಡಿಸುವ ಆಟ ಆಡುತ್ತಾನೆ. ಯಾವುದೋ ಹಿಮ ಬೀಳುವ ದೇಶದ ನುಣುಪು ರಸ್ತೆ. ಒಮ್ಮೆ ನಾನು ಕೇಳಿದ್ದಕ್ಕೆ, "ಇಲ್ಲಿ ಜನ ಸ್ಟಾಪಲ್ಲೇ ನಿಂತಿರ್ತಾರೆ ಕಣೇ. ಯಾರೂ ಅಡ್ಡ ಬಂದು ಕೈ ಒಡ್ಡಲ್ಲ. ಕುರಿ ಹತ್ತಿಸ್ಲಾ ಅಂತ ಕೇಳಲ್ಲ" ಎಂದು ಕನಸಿನಲ್ಲಿದ್ದವನಂತೆ ಹೇಳಿದ.

ಆ ಲೆಕ್ಕದಲ್ಲಿ ಗೆಳತಿಯ ರುಚಿಯನ್ನು ನಾನು ಮೊದಲೇ ಊಹಿಸಬೇಕಿತ್ತು. ಮೆಡಿಕಲ್ ಶಾಪಿನಲ್ಲಿ ಅವಳ ದನಿ ಗಿರಾಕಿಗೇ ಕೇಳಿಸುವುದಿಲ್ಲ. ಸಿರಪ್ಪಿನ ಮುಚ್ಚಳ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ತಿರುಗಿಸಿ ನೋಡಿ ಕೊಡುವವಳು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳು ನನ್ನ ಕಡೆ ತಿರುಗಿ, "ಲೇ, ಕುದುರೆ ಎಲ್ಲಿ?" ಅಂದಳು.

"ಮೊದಲು ಎರಡು ಕಣಜ ಆಗ್ಲಿ ತಾಳು. ಮಳೆಗಾಲ ಬರುತ್ತೆ."

"ಒಂದು ಆಗ್ಲೇ ಕಟ್ಟಿದ್ಯಲ್ಲ?"

"ಅದು ಈ ವರ್ಷಕ್ಕೆ. ಇದು ಮುಂದಿನ ವರ್ಷಕ್ಕೆ."

ಅವಳು ಬಿಸ್ಕತ್ತು ಕೆಳಗಿಟ್ಟಳು. "ಅಂದ್ರೆ ಆವಾಗ ಸೆಂಟರಲ್ಲೂ ನೀನು ಬರೀ ಗೋಡೌನ್ ಕಟ್ತಾ ಕೂತಿದ್ಯಾ?"

"ಮತ್ತೆ? ಇಲ್ದಿದ್ರೆ ನಿನ್ನ ಕುದುರೆಗಳು ಏನು ತಿಂತಿದ್ವು?"

"ಯಾ ಅಲ್ಲಾ! ಆಟದಲ್ಲಿ ಕುದುರೆ ತಿಂತವಾ?"

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ನನ್ನ ನೆನಪಿನಲ್ಲಿ ಆ ಆಟವೆಂದರೆ ರಾಗಿ ಬೆಳೆದು, ಕಣಜ ತುಂಬಿಸಿ, ಮಳೆ ನೋಡುವ ಶಾಂತವಾದ ಆಟ. ನಡುನಡುವೆ ಏನೋ ಗಲಾಟೆಯಾಗುತ್ತಿತ್ತು ಅಷ್ಟೆ. ಅವಳ ನೆನಪಿನಲ್ಲಿ ಅದು ಕುದುರೆ ಏರಿ ಸದಾ ದಾಳಿ ಮಾಡುವ ಆಟ. ನಡುನಡುವೆ ನಾನು ಏನೋ ಕ್ಲಿಕ್ ಮಾಡುತ್ತಿದ್ದೆ ಅಷ್ಟೆ. ನಾನು ರಾಗಿ ಎನ್ನುತ್ತಿದ್ದದ್ದು ಅಸಲಿಗೆ ಗೋಧಿ ಎಂಬುದೂ ಆಗಲೇ ಗೊತ್ತಾಯಿತು. ಆದರೆ ನನಗೆ ಅದು ಇಂದಿಗೂ ರಾಗಿಯೇ.

ಇಷ್ಟರಲ್ಲಿ ಅತ್ತೆ ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂತರು. "ಇದ್ಕೇನಾ ನಾನ್ ನುಗ್ಗೆಸೊಪ್ಪು ಬಿಡಿಸಿ ಬಿಡಿಸಿ ಆಕಿದ್ದು? ತೋರ್ಸು ನೋಡಾನ" ಅಂದರು. ಅವರಿಗೂ ಆಟದ ಅನುಭವವಿಲ್ಲದಿಲ್ಲ. ಫೋನಿನಲ್ಲಿ ಒಂದೇ ಬಣ್ಣದ ಹಣ್ಣುಗಳನ್ನು ಜೋಡಿಸಿ ಸಿಡಿಸುವ ಆಟದಲ್ಲಿ ಅವರು ನಮ್ಮ ಬೀದಿಗೆಲ್ಲ ಮುಂದಿದ್ದಾರೆ. ಕನ್ನಡಕ ಏರಿಸಿ ತೆರೆಯನ್ನು ಮೂಲೆ ಮೂಲೆಯೂ ನೋಡಿದರು. ಕೋಟೆ ಗೋಡೆ ನೋಡಲಿಲ್ಲ. ಕಣಜ ನೋಡಲಿಲ್ಲ. ಅವರ ಬೆರಳು ಹೋಗಿ ನಿಂತದ್ದು ಬಾವಿಯ ಪಕ್ಕ.

"ಆ ಮುದುಕಿ ಯಾಕೆ ಬಿಸ್ಲಲ್ಲಿ ಕುಂತವ್ಳೆ?"

ನಾನು ನೋಡಿಯೇ ಇರಲಿಲ್ಲ. ಒಬ್ಬ ಮುದುಕಿ ಗಂಟು ಇಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದಳು. ವಿಚಾರಿಸಿದಾಗ ತಿಳಿಯಿತು: ಎರಡನೇ ಕಣಜಕ್ಕೆ ಜಾಗ ಸಾಲದೆ ನಾನು ಕೆಡವಿದ್ದು ಅವಳದೇ ಮನೆ.

"ಮುದುಕಿ ಮನೆ ಕೆಡವಿ ಗೋಡೌನ್ ಕಟ್ಟಿದ್ಯಾ?" ಎಂದರು ಅತ್ತೆ. "ಇಸ್ಕೂಲ್ನಾಗೆ ಮಕ್ಳಿಗೆ ಪಾಠ ಬ್ಯಾರೆ ಯೋಳ್ತೀಯ."

ಗೆಳತಿ ಬಿದ್ದು ಬಿದ್ದು ನಕ್ಕಳು. ಅತ್ತೆ ಅವಳನ್ನೂ ಬಿಡಲಿಲ್ಲ. "ನೀನೇನ್ ನಗ್ತೀಯಮ್ಮ? ಅಷ್ಟ್ ಜನ ಗಂಡುಡುಗ್ರನ್ನ ಕುದ್ರೆ ಮ್ಯಾಲೆ ಕುಂಡ್ರಿಸ್ಕೊಂಡು ಇದ್ದೀಯ, ಒಬ್ಬುಂಗೂ ಮದ್ವೆ ಇಲ್ಲ, ಮನೆ ಇಲ್ಲ."

ಮೌಸ್ ಅವರ ಕೈಗೆ ಯಾವಾಗ ಹೋಯಿತೋ ಹೇಳಲಾರೆ. ಮುದುಕಿಗೆ ಮನೆಯಾಯಿತು. ಮನೆಗೆ ನೆರಳಾಗಲು ಮರವಾಯಿತು. ಆಮೇಲೆ ಅವರು ಮೇಕೆ ಸಾಕಬಹುದೆಂದು ಕಂಡುಹಿಡಿದರು. ಅಲ್ಲಿಗೆ ನಮ್ಮ ಕೋಟೆಯ ಆಡಳಿತ ಕೈತಪ್ಪಿತು. ಎಲ್ಲಿ ನೋಡಿದರಲ್ಲಿ ಮೇಕೆ. ಗೋಡೆಯ ಮೇಲೆ ಮೇಕೆ, ಕಾವಲುಗೋಪುರದ ಮೆಟ್ಟಿಲ ಮೇಲೆ ಮೇಕೆ. ಒಂದೊಂದು ಮರಿ ಹುಟ್ಟಿದಾಗಲೂ ಕಂಪ್ಯೂಟರು 'ಮ್ಯಾ' ಎನ್ನುತ್ತಿತ್ತು, ಅತ್ತೆ ಕೈಮುಗಿಯುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಎದ್ದಾಗ ಗೆಳತಿ ಮಾತ್ರ ಏಳಲಿಲ್ಲ. ನಾನು ಮುದ್ದೆ ತಿರುವುತ್ತಿದ್ದೆ. ನಡುಮನೆಯಿಂದ ಡೋಲಿನ ಸದ್ದು, ಗೊರಸಿನ ಸದ್ದು ಕೇಳಿಸಿತು. ಕೋಲು ಹಿಡಿದೇ ಓಡಿ ಬಂದೆ. ಅವಳು ನನ್ನ ಎರಡೂ ಕಣಜ ಬರಿದು ಮಾಡಿ, ಆ ರಾಗಿಯಿಂದ ಕುದುರೆ ದಂಡು ಕಟ್ಟಿ, ಕಾವಲಿಗೆ ಒಬ್ಬನನ್ನೂ ಬಿಡದೆ ಪಕ್ಕದ ಗುಡ್ಡಕ್ಕೆ ಹೊರಟಿದ್ದಳು. ಅವಳ ದಂಡು ಮುಂಬಾಗಿಲಿನಿಂದ ಹೋದದ್ದೇ ತಡ, ಶತ್ರುಗಳು ಹಿಂಬಾಗಿಲಿನಿಂದ ನಮ್ಮ ಕೋಟೆಗೆ ನುಗ್ಗಿದರು. ಬರಿದಾದ ಕಣಜ ನೋಡಿ ಅವರಿಗೂ ಬೇಸರವಾಗಿರಬೇಕು. ಇದ್ದಬದ್ದ ಮೇಕೆಗಳನ್ನೆಲ್ಲ ಹೊಡೆದುಕೊಂಡು ಹೋದರು. ಉಳಿದದ್ದು ಮುದುಕಿ ಮತ್ತು ಮರ.

ತಟ್ಟೆ ಹಿಡಿದು ಬಂದ ಅತ್ತೆ ತೆರೆ ನೋಡಿದರು. "ನನ್ ಮೇಕೆ ಎಲ್ಲಮ್ಮ?"

ಗೆಳತಿ ಬಿಸ್ಕತ್ತಿನ ಪೊಟ್ಟಣವನ್ನು ಅವರ ಕಡೆ ಸರಿಸಿದಳು.

"ಕೇಳ್ದೆ ನನ್ನ ರಾಗಿ ಯಾಕೆ ತೆಗೆದೆ?" ಎಂದೆ ನಾನು. ಕೋಲು ಕೈಯಲ್ಲೇ ಇತ್ತು, ಅದರಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು.

"ನಿನ್ನ ರಾಗಿ ಅಲ್ಲ ಕಣೇ, ನಮ್ಮ ರಾಗಿ. ಅದೂ ಗೋಧಿ. ಕೋಟೆ ಅಂದ್ರೆ ಯುದ್ಧಕ್ಕೆ, ರೇಷನ್ ಅಂಗಡಿಗಲ್ಲ. ಇಷ್ಟು ವರ್ಷ ಕಾದಿದ್ದು ಮೇಕೆ ಮೇಯಿಸೋಕಾ?"

"ಇಷ್ಟು ವರ್ಷ ಕಾದಿದ್ದು ಒಂದು ಮಧ್ಯಾಹ್ನದಲ್ಲಿ ಎಲ್ಲಾ ಹಾಳು ಮಾಡೋಕಾ?"

ನಗುತ್ತಲೇ ಶುರುವಾದದ್ದು ಎಲ್ಲಿ ನಿಜವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವಳು ಮುದ್ದೆಯನ್ನು ಅರ್ಧ ತಿಂದು, ಕೈತೊಳೆದು, ಲ್ಯಾಪ್‌ಟಾಪು ಮಡಚಿ, ಸಂಜೆಯವರೆಗೂ ಇರುತ್ತೇನೆಂದವಳು ಮೂರು ಗಂಟೆಯ ಬಸ್ಸಿಗೇ ಹೊರಟಳು. ಬಸ್‌ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಇಬ್ಬರೂ ಬಿಸಿಲಿನ ಬಗ್ಗೆ ಮಾತ್ರ ಮಾತಾಡಿದೆವು.

ಅವಳು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ದಿನಕ್ಕೊಮ್ಮೆ ಆಟ ತೆರೆದು, ಒಬ್ಬಳೇ ಕಣಜ ತುಂಬಿಸಿ ಮುಚ್ಚುತ್ತಿದ್ದೆ. ನನಗೆ ಇಷ್ಟವಾದದ್ದು ಅದೇ ಎಂದು ಅವಳಿಗೆ ಜಂಬದಿಂದ ಹೇಳಿದ್ದೆನಲ್ಲ, ಈಗ ಅಷ್ಟೇ ಉಳಿದಾಗ ಬೇಸರ ಬಂತು. ಗಲಾಟೆ ಇಲ್ಲದ ಗುಡ್ಡದಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ರಾಗಿ ಇದ್ದೂ ಇದ್ದೂ ಅದನ್ನು ತಿನ್ನುವವರೇ ಇಲ್ಲ. ಶಿರಾದ ಆ ಹುಡುಗಿ ಪಕ್ಕದಲ್ಲಿ ಕೂತು 'ಮಾರ್, ಮಾರ್' ಎಂದು ಕೀಬೋರ್ಡು ಕುಟ್ಟುತ್ತಿದ್ದದ್ದೇ ನನ್ನ ಶಾಂತಿಗೆ ರುಚಿ ಕೊಡುತ್ತಿತ್ತೇನೋ. ಇದನ್ನು ಅವಳಿಗೆ ಹೇಳಬೇಕೆಂದು ಫೋನು ಎತ್ತಿ, ಅವಳೇ ಮೊದಲು ಮಾಡಲಿ ಎಂದು ಇಟ್ಟುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಖಾಲಿ ಮೇಕೆ ದೊಡ್ಡಿಯನ್ನು ಬಹಳ ಹೊತ್ತು ನೋಡಿ, ತಮ್ಮ ಫೋನಿನಿಂದ ತಾವೇ ಅವಳಿಗೆ ಕರೆ ಮಾಡಿದರು. ಸ್ಪೀಕರ್ ಹಾಕದೆ ಮಾತಾಡುವುದು ಅವರಿಗೆ ಬರುವುದಿಲ್ಲ, ಆದ್ದರಿಂದ ಎಲ್ಲ ಕೇಳಿಸಿತು.

"ಏನಮ್ಮಾ, ಚೆನ್ನಾಗಿದ್ದೀಯಾ? ನಾನ್ ಯೋಚ್ನೆ ಮಾಡ್ದೆ. ನಮ್ ಮೇಕೆ ಹಿಡ್ಕೊಂಡೋದೋರ್ನ ಸುಮ್ನೆ ಬಿಡಾದಾ?"

ಆ ಕಡೆಯಿಂದ ಸಣ್ಣ ದನಿ: "ಬಿಡಬಾರ್ದು ಅಮ್ಮಾ."

"ಇವ್ಳ ಕೈಲಿ ಆಗಕಿಲ್ಲ. ಇವ್ಳು ಬರೀ ತುಂಬಿಸಿ ಮುಚ್ತಾಳೆ. ನೀನೇ ಕುದ್ರೆ ತಕ್ಕೊಂಡ್ ಬಾ. ಭಾನ್ವಾರ ಬೆಳಿಗ್ಗೆ ಬಸ್ಸಿಗೇ ಬಂದ್ಬುಡು. ಇಡ್ಲಿಗೆ ನೆನಾಕಿರ್ತೀನಿ."

ಬಂದಳು. ಬಾಗಿಲಲ್ಲಿ ನನ್ನನ್ನು ನೋಡಿ, "ನಿನ್ನ ಗೋಧಿ ಮುಟ್ಟಲ್ಲ ಕಣೇ" ಅಂದಳು. "ರಾಗಿ" ಅಂದೆ. "ರಾಗಿ" ಎಂದು ಒಪ್ಪಿಕೊಂಡಳು. ಅಷ್ಟರಲ್ಲೇ ಮುಗಿಯಿತು. ಇಡ್ಲಿ ತಿನ್ನುತ್ತಾ ಮೂವರೂ ಕೂತು ದಂಡಯಾತ್ರೆಯ ಮಾತುಕತೆ ನಡೆಸಿದೆವು. ಎಷ್ಟು ಕಣಜ ತೆರೆಯಬೇಕೆಂದು ನಾನು ಹೇಳಿದೆ. ಎಷ್ಟು ಕುದುರೆ ಬೇಕೆಂದು ಅವಳು ಹೇಳಿದಳು. ಅತ್ತೆ ಚಟ್ನಿ ಬಡಿಸುತ್ತಾ ಒಂದೇ ಷರತ್ತು ಹಾಕಿದರು.

"ಯಾರ್ಗೂ ಪೆಟ್ ಬೀಳ್ಬಾರ್ದು."

"ಅಮ್ಮಾ, ಯುದ್ಧ ಅಂದ್ಮೇಲೆ ಹೊಡೀದೆ ಇರೋದು ಹೆಂಗೆ?"

"ಯುದ್ಧ ಯಾಕ್ ಮಾಡ್ತೀಯ? ಕಳ್ತನ ಮಾಡು."

ಗೆಳತಿ ಇಡ್ಲಿ ಕೈಯಲ್ಲೇ ಹಿಡಿದು ಯೋಚಿಸಿದಳು. ಇಷ್ಟು ವರ್ಷದ ಅವಳ ಯುದ್ಧಜೀವನದಲ್ಲಿ ಇದು ಹೊಳೆದಿರಲಿಲ್ಲ.

ಹೀಗೆ ಮಾಡಿದೆವು: ಗೆಳತಿ ತನ್ನ ಕುದುರೆಗಳನ್ನೆಲ್ಲ ಶತ್ರುಗಳ ಮುಂಬಾಗಿಲ ಮುಂದೆ ನಿಲ್ಲಿಸಿ ಡೋಲು ಬಾರಿಸುತ್ತಾ ಅತ್ತಿತ್ತ ಓಡಿಸಿದಳು. ಕೋಟೆಯ ಜನರೆಲ್ಲ ಗೋಡೆ ಹತ್ತಿ ನೋಡುತ್ತಾ ನಿಂತರು. ಅದೇ ಹೊತ್ತಿಗೆ ಅತ್ತೆ ನಮ್ಮ ಮೇಕೆ ಕಾಯುವವನೊಬ್ಬನನ್ನು ಹಿಂದಿನ ಬಂಡೆಯ ಸಂದಿಯಿಂದ ಹತ್ತಿಸಿದರು. ಮೌಸನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಮೆಲ್ಲುಕೆ, ಮೆಲ್ಲುಕೆ ಕಣ್ಲಾ" ಎಂದು ಅವನಿಗೆ ಪಿಸುಗುಟ್ಟುತ್ತಿದ್ದರು. ಅವನು ಮೇಲೆ ಹೋಗಿ ದೊಡ್ಡಿಯ ಬಾಗಿಲು ತೆಗೆದ. ಮೇಕೆಗಳು ಒಂದರ ಹಿಂದೊಂದು ಬಂಡೆ ಇಳಿದವು. ನಮ್ಮವು ಇಳಿದವು. ಆದರೆ ಸಾಲು ಮುಗಿಯಲಿಲ್ಲ. ಶತ್ರುಗಳ ಸ್ವಂತ ಮೇಕೆಗಳೂ ಹಿಂದೆಯೇ ಹೊರಟಿದ್ದವು.

"ಅತ್ತೇ, ಅವು ನಮ್ಮವಲ್ಲ!"

"ಅವೇ ಬತ್ತಾವೆ, ನಾನೇನ್ ಕರುದ್ನಾ?" ಎಂದರು ಅತ್ತೆ, ತೆರೆಯಿಂದ ಕಣ್ಣು ತೆಗೆಯದೆ. "ಬರೋವ್ನ ಬ್ಯಾಡ ಅನ್ನಕಾಯ್ತದಾ?"

ಎಲ್ಲ ಮೇಕೆಗಳೂ ನಮ್ಮ ಬಾಗಿಲೊಳಗೆ ಬಂದವು. ಗೆಳತಿಯ ಕುದುರೆಗಳು ಒಂದೂ ಗಾಯವಿಲ್ಲದೆ ಹಿಂತಿರುಗಿದವು. ಅತ್ತೆ ಎದ್ದು ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ಇಬ್ಬರೂ ಸೇರಿ ಕೂಗಾಡುತ್ತಿದ್ದಾಗ ನಾನು ಕಣಜದ ಕಡೆ ನೋಡಿದೆ. ಬಂದ ಮೇಕೆಗಳು ದೊಡ್ಡಿಯಲ್ಲಿ ಹಿಡಿಸದೆ ಕಣಜದ ಬಾಗಿಲು ದಾಟಿದ್ದವು. ನಾನು ಅಷ್ಟೂ ದಿನ ಒಬ್ಬಳೇ ಕೂತು ತುಂಬಿಸಿದ್ದ ರಾಗಿ, ಈ ವರ್ಷದ್ದು, ಮುಂದಿನ ವರ್ಷದ್ದು, ಅದರ ಮುಂದಿನದು, ಎಲ್ಲ ಸದ್ದಿಲ್ಲದೆ ಕರಗುತ್ತಿತ್ತು. ನಾನು ಮೌಸ್ ಕಿತ್ತುಕೊಳ್ಳುವಷ್ಟರಲ್ಲಿ ಕಣಜದಲ್ಲಿ ಒಂದು ಮರಿ ಮಲಗಿ ನಿದ್ದೆ ಮಾಡುತ್ತಿತ್ತು.

ಆ ಹೊತ್ತಿಗೆ ಗಂಡ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಒಳಗೆ ಬಂದ. ನಮ್ಮ ಗದ್ದಲ ಬೀದಿಯವರೆಗೆ ಕೇಳಿಸಿತ್ತಂತೆ.

"ಯಾರು ಗೆದ್ರು?" ಎಂದು ಕೇಳಿದ.

"ನಾವು!" ಎಂದಳು ಗೆಳತಿ.

"ಮೇಕೆ ಬಂದ್ವು ಕಣ್ಲಾ" ಎಂದರು ಅತ್ತೆ.

"ಯಾರೂ ಇಲ್ಲ. ನಾಳೆಗೆ ಊಟ ಇಲ್ಲ" ಎಂದೆ ನಾನು.

ಅವನು ಬಗ್ಗಿ ತೆರೆಯನ್ನು ಗಮನವಿಟ್ಟು ನೋಡಿದ. ಕೋಟೆ, ಕುದುರೆ, ಮೇಕೆ ಯಾವುದರ ಮೇಲೂ ಅವನ ಕಣ್ಣು ನಿಲ್ಲಲಿಲ್ಲ. ಬಾಗಿಲಿನಿಂದ ಬಾವಿಯವರೆಗೆ ಹೋಗುವ ದಾರಿಯ ಮೇಲೆ ಬೆರಳಿಟ್ಟು, "ಈ ತಿರುವು ಇಷ್ಟು ಕಿರಿದಾಗಿ ತಗೊಂಡಿರೋರು ಯಾರು? ಎದುರಿಗೊಂದು ಗಾಡಿ ಬಂದ್ರೆ ಏನ್ ಗತಿ?" ಅಂದ.

ಆ ರಸ್ತೆ ಹಾಕಿದವಳು ನಾನು. ಮೂವರೂ ನನ್ನ ಕಡೆ ತಿರುಗಿದರು. ನಾನು ಎದ್ದು ಎಲ್ಲರಿಗೂ ಕಾಫಿಗೆ ಇಟ್ಟೆ.